ಜುಲೈ ತಿಂಗಳ ಇಪ್ಪತ್ತೆರಡು ತಲೆಗಳು

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ವಗ್ದಿ ನನ್ನನ್ನು ಕರೆದು ಪರದೆ ತೋರಿಸಿದಾಗ ನಾನು ಮೊದಲು ಹೇಳಿದ್ದು, ನಿನ್ನ ಸಾಫ್ಟ್‌ವೇರ್ ಸುಳ್ಳು ಬೊಗಳುತ್ತಿದೆ ಎಂದು. ನಿಮ್ಮ ಯಂತ್ರ ಕೆಟ್ಟು ಕೂತಿದೆ ಎಂದು ಅವನೆಂದ. ಅವತ್ತಿಡೀ ನಾವಿಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ.

ಪರದೆಯ ಮೇಲೆ ಇಪ್ಪತ್ತೆರಡು ಸಾಲುಗಳಿದ್ದವು. ಒಂದೊಂದು ಸಾಲು ಒಬ್ಬೊಬ್ಬ ರೋಗಿ. ಎಲ್ಲರೂ ತಾಂತಾ ಪಟ್ಟಣದ ನಮ್ಮ ಮಾನಸಿಕ ಆಸ್ಪತ್ರೆಗೆ ವರ್ಷಗಳಿಂದ ಬರುತ್ತಿರುವವರು. ಕೆಲವು ವಾರ ನಿದ್ದೆಯೇ ಇಲ್ಲದೆ ಹುರುಪಿನಲ್ಲಿ ಊರೆಲ್ಲ ಸುತ್ತಿ, ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳದಿರುವುದು ಅವರ ಕಾಯಿಲೆ. ಅವರಿಗೆ ಲಿಥಿಯಂ ಮಾತ್ರೆ ಶುರು ಮಾಡಿ, ಜನವರಿಯಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ಎಂಆರ್‌ಐ ಯಂತ್ರದಲ್ಲಿ ಮಿದುಳಿನ ಚಿತ್ರ ತೆಗೆದಿದ್ದೆವು. ಆ ಮಾತ್ರೆ ಮಿದುಳನ್ನು ಕಾಪಾಡುತ್ತದೆಯೋ ಇಲ್ಲವೋ ಎಂದು ನೋಡುವುದು ಡಾಕ್ಟರ್ ಇನ್ಶಿರಾಹ್ ಅವರ ಸಂಶೋಧನೆ. ಚಿತ್ರ ತೆಗೆಯುವುದು ನನ್ನ ಕೆಲಸ. ಎರಡು ಚಿತ್ರಗಳನ್ನು ಒಂದರ ಮೇಲೊಂದಿಟ್ಟು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿದ್ದರೂ ಅಳೆದು ಹೇಳುವ ಸಾಫ್ಟ್‌ವೇರ್ ಬರೆಯುವುದು ವಗ್ದಿಯ ಕೆಲಸ.

ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಸಾಲು ಕೆಂಪಾಗಿದ್ದವು. ಅವರ ಮಿದುಳು ಕುಗ್ಗಿತ್ತು. ಸರಾಸರಿ ನೂರಕ್ಕೆ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಕೇಳುವುದಕ್ಕೆ ಸಣ್ಣದು. ಆದರೆ ಆರೋಗ್ಯವಾಗಿರುವವರ ಮಿದುಳು ಅಷ್ಟು ಕುಗ್ಗಲು ನಾಲ್ಕೈದು ವರ್ಷ ಹಿಡಿಯುತ್ತದೆ. ಇವರಿಗೆ ಆರೇ ತಿಂಗಳು ಸಾಕಾಗಿತ್ತು.

ಈ ಸಾಫ್ಟ್‌ವೇರ್ ಹುಟ್ಟಿದ್ದು ನನ್ನ ಕಣ್ಣೆದುರಿಗೆ. ಮೂರು ವರ್ಷದ ಹಿಂದೆ ವಗ್ದಿ ಬಂದಾಗ ಅವನ ಹತ್ತಿರ ಒಂದು ಲ್ಯಾಪ್‌ಟಾಪ್ ಮತ್ತು ಹಟ ಬಿಟ್ಟರೆ ಬೇರೇನೂ ಇರಲಿಲ್ಲ. ಹೊರದೇಶದ ಸಾಫ್ಟ್‌ವೇರ್‌ಗಳು ಅಲ್ಲಿನ ಹೊಸ ಯಂತ್ರಗಳ ಚಿತ್ರ ನೋಡಿ ಕಲಿತವು, ನಮ್ಮ ಹಳೇ ಯಂತ್ರದ ಚಿತ್ರ ಕೊಟ್ಟರೆ ತಡವರಿಸುತ್ತವೆ, ನಮಗೆ ನಮ್ಮದೇ ಬೇಕು ಎಂಬುದು ಅವನ ವಾದ. ಯಾವುದು ಮಿದುಳು, ಯಾವುದು ನೀರು, ಯಾವುದು ಮೂಳೆ ಎಂದು ಕಂಪ್ಯೂಟರಿಗೆ ಕಲಿಸಬೇಕಾದರೆ ಮೊದಲು ಮನುಷ್ಯರು ಕೈಯಲ್ಲಿ ಗೆರೆ ಎಳೆದು ತೋರಿಸಬೇಕು. ಆ ಗೆರೆ ಎಳೆದವಳು ನಾನು. ನಲವತ್ತು ತಲೆ, ಒಂದೊಂದು ತಲೆಗೆ ನೂರೈವತ್ತು ಪದರ. ಎರಡು ಚಳಿಗಾಲ ಕಣ್ಣುರಿ ಬರುವಷ್ಟು ಎಳೆದಿದ್ದೇನೆ. ನಮ್ಮ ಊರಿನ ಶಾಲೆಯಲ್ಲಿ ಓದಿ, ಎರಡು ವರ್ಷ ತಾಂತ್ರಿಕ ತರಬೇತಿ ಮುಗಿಸಿ ಬಂದವಳು ಎಳೆದ ಗೆರೆ ಡಾಕ್ಟರುಗಳ ಗೆರೆಗಿಂತ ಚೊಕ್ಕವಾಗಿದೆ ಎಂದು ವಗ್ದಿಯೇ ಒಪ್ಪಿದ್ದ. ಹಾಗಾಗಿ ಬೈದದ್ದು ಅವನ ಸಾಫ್ಟ್‌ವೇರನ್ನಾದರೂ ನನಗೂ ಒಳಗೊಳಗೇ ಚುಚ್ಚುತ್ತಿತ್ತು.

ಮಧ್ಯಾಹ್ನ ಡಾಕ್ಟರ್ ಇನ್ಶಿರಾಹ್ ಬಂದು ಪರದೆ ನೋಡಿದರು. ಅವರು ಕುಳ್ಳಗಿನ, ಮೆಲುದನಿಯ ಹೆಂಗಸು. ಕೂಗಾಡುವವರ ಜೊತೆ ನಾನು ಹೇಗೋ ಏಗುತ್ತೇನೆ, ಮೆಲ್ಲಗೆ ಮಾತಾಡುವವರ ಮುಂದೆ ನನಗೆ ಮೈ ಉರಿಯುತ್ತದೆ. ಬುಧವಾರ ಹತ್ತು ಗಂಟೆಗೆ ಸಂಶೋಧನೆಯ ಸರಿತಪ್ಪು ನೋಡುವ ನೈತಿಕ ಸಮಿತಿ ಸೇರುತ್ತದೆ, ಅಷ್ಟರೊಳಗೆ ಇದು ಯಂತ್ರದ ತಪ್ಪು ಅಥವಾ ಸಾಫ್ಟ್‌ವೇರಿನ ತಪ್ಪು ಎಂದು ತೋರಿಸಿದರೆ ಸರಿ, ಇಲ್ಲವಾದರೆ ಇಪ್ಪತ್ತೆರಡು ಜನರಿಗೂ ಆ ಮಾತ್ರೆ ನಿಲ್ಲಿಸುತ್ತೇನೆ ಎಂದರು. ಸಮಿತಿ ತೀರ್ಮಾನಿಸುವವರೆಗೆ ಹೊಸ ಮಾತ್ರೆ ಕೊಡಬೇಡಿ ಎಂದು ಔಷಧದ ಕಿಟಕಿಗೂ ಚೀಟಿ ಕಳಿಸಿದರು.

ನನ್ನ ಕಣ್ಣ ಮುಂದೆ ಬಂದವನು ಮಖ್ಲೂಫ್. ರೊಟ್ಟಿ ಒಲೆಯ ಕೆಲಸಗಾರ, ನಲವತ್ತರ ಆಸುಪಾಸು. ಒಂಬತ್ತು ವರ್ಷ ಬೇರೆ ಬೇರೆ ಮಾತ್ರೆ ನುಂಗಿ ಯಾವುದೂ ನಾಟದೆ, ಒಮ್ಮೆ ಕಾಲುವೆಗೆ ಹಾರಿ, ಒಮ್ಮೆ ಮನೆಯ ಸಾಮಾನನ್ನೆಲ್ಲ ದಾರಿಹೋಕರಿಗೆ ಹಂಚಿ, ಹೆಂಡತಿ ತವರಿಗೆ ಹೋಗಿ, ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟಿದ್ದ ಮನುಷ್ಯ. ಲಿಥಿಯಂ ಶುರುವಾದ ಮೇಲೆ ಒಂದು ದಿನವೂ ಕೆಲಸ ತಪ್ಪಿಸಿರಲಿಲ್ಲ. ಮಗಳು ಮನೆಗೆ ಬಂದಿದ್ದಳು. ಈ ಮಾತ್ರೆ ನಿಂತರೆ ಅವನಿಗೆ ಕೊಡಲು ಉಳಿದಿರುವುದು ಆ ಹಳೇ ಮಾತ್ರೆಗಳೇ.

ಸೋಮವಾರ ಇಡೀ ದಿನ ನಾವು ಒಬ್ಬರ ತಪ್ಪನ್ನು ಒಬ್ಬರು ಹುಡುಕಿದೆವು. ಪ್ರತಿ ಶನಿವಾರ ನಾನು ನೀರು ತುಂಬಿದ ಒಂದು ಗೋಳವನ್ನು ಯಂತ್ರದೊಳಗಿಟ್ಟು ಚಿತ್ರ ತೆಗೆಯುತ್ತೇನೆ. ಗೋಳದ ಅಳತೆ ಗೊತ್ತಿರುವುದರಿಂದ, ಚಿತ್ರದಲ್ಲಿ ಅದು ಬದಲಾದರೆ ಯಂತ್ರ ಕೆಟ್ಟಿದೆ ಎಂದರ್ಥ. ಜನವರಿಯಿಂದ ಜುಲೈವರೆಗಿನ ಅಷ್ಟೂ ಚಿತ್ರಗಳನ್ನು ತಂದು ವಗ್ದಿಯ ಮೇಜಿನ ಮೇಲೆ ಬಡಿದೆ. ಒಂದು ಸಾಸಿವೆಯಷ್ಟೂ ಬದಲಾಗಿರಲಿಲ್ಲ.

ಅವನು ಸೋಲಲಿಲ್ಲ. ಅವನ ಹತ್ತಿರವೂ ಲೆಕ್ಕವಿತ್ತು. ಒಂದೇ ದಿನ ಎರಡು ಸಲ ಚಿತ್ರ ತೆಗೆಸಿಕೊಂಡ ಹದಿನೈದು ಜನರ ಮೇಲೆ ಸಾಫ್ಟ್‌ವೇರ್ ಓಡಿಸಿ ತೋರಿಸಿದ. ವ್ಯತ್ಯಾಸವಿಲ್ಲ. ಹೋಲಿಕೆಗೆಂದು ಫೆಬ್ರವರಿಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ಚಿತ್ರ ತೆಗೆದ ಆಸ್ಪತ್ರೆಯ ನೌಕರರ ಮೇಲೆ ಓಡಿಸಿದ. ಅಲ್ಲೂ ಇಲ್ಲ.

"ನಿಮ್ಮ ಯಂತ್ರಕ್ಕೆ ವಯಸ್ಸಾಗಿದೆ ತಹಾನಿ ಅಕ್ಕ. ಪಿಂಚಣಿ ಕೊಟ್ಟು ಮನೆಗೆ ಕಳ್ಸಿ," ಎಂದ.

"ನಿನ್ ಸಾಫ್ಟ್‌ವೇರ್‌ಗೆ ಇನ್ನೂ ಹಲ್ಲೇ ಹುಟ್ಟಿಲ್ಲ. ಆಗ್ಲೇ ಜನರನ್ನ ಕಚ್ಚೋಕೆ ಹೊರಟಿದೆ," ಎಂದೆ.

ಸಂಜೆಯ ಹೊತ್ತಿಗೆ ಇಬ್ಬರೂ ಸುಮ್ಮನಾದೆವು. ಯಂತ್ರ ಸರಿಯಿತ್ತು. ಸಾಫ್ಟ್‌ವೇರೂ ಸರಿಯಿತ್ತು. ನಮ್ಮ ನಮ್ಮ ಮಾನ ಉಳಿಸಿಕೊಳ್ಳಲು ಇಬ್ಬರೂ ಅಷ್ಟು ಬಡಿದಾಡಿ, ಕೊನೆಗೆ ಆ ಮಾತ್ರೆಯ ತಲೆಯ ಮೇಲೆ ತಪ್ಪು ಹೊರಿಸಿ ಕೂತಿದ್ದೆವು. ವಗ್ದಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲಿ ಔಷಧದ ಕಿಟಕಿಯ ಮುಂದೆ ಮಖ್ಲೂಫ್ ನಿಂತಿದ್ದ. ಕೈಯಲ್ಲಿ ಖಾಲಿ ಮಾತ್ರೆ ಪಟ್ಟಿ. ಒಳಗಿದ್ದವನು ನಾಳೆ ಬಾ ಎಂದನಂತೆ. ನಾಳೆ ಕೊಡ್ತೀರಾ ಎಂದರೆ ಗೊತ್ತಿಲ್ಲ ಎಂದನಂತೆ. ಮಖ್ಲೂಫ್ ಜಗಳ ಮಾಡುವವನಲ್ಲ. ಆ ಖಾಲಿ ಪಟ್ಟಿಯನ್ನು ಮಡಚುತ್ತ ಬಿಡಿಸುತ್ತ ನಿಂತಿದ್ದ. ನನ್ನನ್ನು ಕಂಡು ಹತ್ತಿರ ಬಂದ. ನಿಲ್ಲಿಸಿಬಿಡುತ್ತಾರಾ ಎಂದು ಕೇಳಿದ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ನಿಲ್ಲಿಸಬಹುದು, ನಿಮ್ಮೆಲ್ಲರ ಮಿದುಳು ಕುಗ್ಗಿದಂತೆ ಕಾಣುತ್ತಿದೆ ಎಂದೆ.

ಅವನು ಪಟ್ಟಿಯನ್ನು ಜೇಬಿಗಿಟ್ಟುಕೊಂಡ. ಆಮೇಲೆ ಸ್ವರ ತಗ್ಗಿಸಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಅದು ದೇವ್ರು ಕೊಟ್ಟ ಶಿಕ್ಷೆ ಇರ್ಬೇಕು ಅಕ್ಕಾ. ನಾವು ಡಾಕ್ಟ್ರಿಗೆ ಸುಳ್ಳು ಹೇಳಿದ್ವಲ್ಲ."

ಏನು ಸುಳ್ಳು ಎಂದು ಕೇಳಿದೆ.

"ಉಪವಾಸ ಮಾಡಲ್ಲ ಅಂತ ಕಾಗದಕ್ಕೆ ಸೈನ್ ಹಾಕಿದ್ವಿ. ಆದ್ರೆ ಮಾಡಿದ್ವಿ. ಎಲ್ರೂ ಮಾಡಿದ್ವಿ."

"ಎಲ್ರೂ ಅಂದ್ರೆ?"

"ಆ ದಿನ ನೀವು ಬೈದ್ರಲ್ಲ. ಆಮೇಲೆ ಯಾರೂ ನೀರು ಮುಟ್ಲಿಲ್ಲ."

ನಾನು ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟೆ.

ಆ ವರ್ಷ ರಂಜಾನ್ ಜುಲೈ ತಿಂಗಳಲ್ಲಿ ಬಂದಿತ್ತು. ಬೆಳಗಿನ ಜಾವ ಮೂರಕ್ಕೆ ಕೊನೆಯ ಗುಟುಕು ನೀರು ಕುಡಿದರೆ ಮತ್ತೆ ಸಂಜೆ ಏಳಕ್ಕೆ. ಬಿಸಿಲು ಗೋಡೆಯನ್ನೇ ಬೇಯಿಸುತ್ತಿತ್ತು. ರಂಜಾನಿನಲ್ಲಿ ಹೊರರೋಗಿಗಳ ವಿಭಾಗ ಎರಡಕ್ಕೇ ಮುಚ್ಚುವುದರಿಂದ ಯಂತ್ರ ಖಾಲಿಯಾಗುತ್ತಿತ್ತು. ಹಾಗಾಗಿ ಸಂಶೋಧನೆಯ ರೋಗಿಗಳನ್ನು ಮೂರರಿಂದ ಐದರ ನಡುವೆ ಕರೆಸಿದೆವು. ಅನುಕೂಲವಾಯಿತು ಎಂದು ನಾನೇ ಖುಷಿಪಟ್ಟಿದ್ದೆ.

ಮೊದಲ ದಿನ ಮಖ್ಲೂಫ್ ಮೊಗಸಾಲೆಯ ಬೆಂಚಿನ ಮೇಲೆ ಕೂತು ದೊಡ್ಡ ಬಾಟಲಿಯಿಂದ ಗಟಗಟ ನೀರು ಕುಡಿಯುತ್ತಿದ್ದ. ಅವನ ಅಕ್ಕಪಕ್ಕ ಇನ್ನೂ ಐದಾರು ಜನ ಕಾಯುತ್ತಿದ್ದರು. ನನ್ನ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು, ತಲೆ ಸಿಡಿಯುತ್ತಿತ್ತು. ಆರಡಿ ಆಳು, ರೊಟ್ಟಿ ಬೇಯಿಸುವ ತೋಳು, ಎಲ್ಲರೆದುರಿಗೆ ಹೀಗೆ ಕುಡಿಯುತ್ತಾನಲ್ಲ ಎಂದು ಮೈಯೆಲ್ಲ ಬೆಂಕಿಯಾಯಿತು. ಬಾಟಲಿ ಕಿತ್ತುಕೊಂಡೆ. ನಾಚಿಕೆ ಇಲ್ವಾ ನಿಂಗೆ, ನಮ್ಮಂಥ ಹೆಂಗಸರು ಬಾಯಿ ಒಣಗಿಸಿಕೊಂಡು ದುಡೀತಿದ್ರೆ ನೀನು ಗಂಡಸಾಗಿ ಹೀಗೆ ಮಾಡ್ತೀಯಲ್ಲ ಎಂದು, ಇನ್ನೂ ಏನೇನೋ ಅಂದೆ. ಮೊಗಸಾಲೆಯಲ್ಲಿ ಉಪವಾಸದ ಹೊತ್ತಿನಲ್ಲಿ ತಿನ್ನುವಂತಿಲ್ಲ ಕುಡಿಯುವಂತಿಲ್ಲ ಎಂದು ಚೀಟಿ ಬರೆದು ಅಂಟಿಸಿದೆ. ಅವತ್ತು ಹೊತ್ತಾಗಿತ್ತು ಎಂದು ಅವನನ್ನೂ ಕಾಯುತ್ತಿದ್ದವರನ್ನೂ ಮುಂದಿನ ವಾರ ಬರಹೇಳಿದೆ. ಅವನು ಮಾತ್ರೆ ತಿನ್ನುವವನು, ಆ ಮಾತ್ರೆಯೇ ಬಾಯಾರಿಕೆ ತರುತ್ತದೆ, ಅವನಿಗೆ ನೀರು ಕಡಿಮೆಯಾದರೆ ಅದೇ ಮಾತ್ರೆ ವಿಷವಾಗಬಹುದು ಎಂಬುದೆಲ್ಲ ನನಗೆ ಗೊತ್ತಿರಲಿಲ್ಲ ಎಂದರೆ ಅದೂ ಅರ್ಧ ಸುಳ್ಳು. ರೋಗಿಗಳಿಗೆ ಕೊಟ್ಟ ಕಾಗದದಲ್ಲಿ ಬರೆದಿತ್ತು. ನಾನು ಓದಿದ್ದೆ. ಕಾಯಿಲೆಯವರಿಗೆ ಉಪವಾಸ ಬೇಕಿಲ್ಲ ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಕಾಲಿಗೆ ಕಟ್ಟು ಹಾಕಿಕೊಂಡವನನ್ನು ಕಂಡರೆ ಬರುವ ಅರಿವು ಇವನನ್ನು ಕಂಡಾಗ ಬರಲಿಲ್ಲ. ದಿನವೂ ತಲೆಗಳ ಒಳಗನ್ನು ನೋಡುವವಳು ನಾನು.

ಆಮೇಲಿನ ದಿನಗಳಲ್ಲಿ ಬಂದವರೆಲ್ಲ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದರು. ತುಟಿ ಒಣಗಿರುತ್ತಿತ್ತು. ಭಕ್ತಿವಂತರು ಎಂದುಕೊಂಡಿದ್ದೆ.

ಮೈಯಲ್ಲಿ ನೀರು ಕಡಿಮೆಯಾದರೆ ಮಿದುಳೂ ಕುಗ್ಗುತ್ತದೆ. ಬೆಂಚಿನಿಂದ ಎದ್ದು ವಗ್ದಿಯ ಕೋಣೆಗೆ ಓಡಿದೆ. ವಗ್ದಿಗೆ ರೋಗಿಗಳ ಹೆಸರು ಗೊತ್ತಿರಕೂಡದು, ಗೊತ್ತಿದ್ದರೆ ಅಳತೆಯಲ್ಲಿ ಪಕ್ಷಪಾತ ಬರುತ್ತದೆ ಎಂದು ಅವನಿಗೆ ಬರೀ ಸಂಖ್ಯೆ ಕೊಟ್ಟಿದ್ದರು. ಹೆಸರಿನ ಪಟ್ಟಿ ನನ್ನ ಕಪಾಟಿನಲ್ಲಿತ್ತು. ಕೆಂಪಾಗದ ಮೂರು ಸಾಲು ಯಾವ ಸಂಖ್ಯೆ ಎಂದು ಕೇಳಿದೆ. ನಾಲ್ಕು, ಹನ್ನೊಂದು, ಹತ್ತೊಂಬತ್ತು ಎಂದ. ಪಟ್ಟಿ ತೆಗೆದೆ. ನಾಲ್ಕನೆಯದು ಜಖಾರಿ, ಗಡಿಯಾರ ರಿಪೇರಿಯವನು. ಹನ್ನೊಂದು ಇರೀನಿ, ಶಾಲೆಯ ಮೇಡಂ. ಇಬ್ಬರೂ ಕ್ರೈಸ್ತರು. ಅವರ ಉಪವಾಸಗಳೇ ಬೇರೆ, ನೀರು ಬಿಡುವುದಿಲ್ಲ. ಹತ್ತೊಂಬತ್ತನೆಯ ಮುದುಕ ಆ ತಿಂಗಳು ನಮ್ಮ ವಾರ್ಡಿನಲ್ಲೇ ದಾಖಲಾಗಿದ್ದ. ದಾದಿ ಎದುರಿಗೆ ನಿಂತು ಮಾತ್ರೆ ಜೊತೆ ಲೋಟ ನೀರು ಕುಡಿಸುತ್ತಿದ್ದಳು.

ಪಟ್ಟಿಯನ್ನು ಮುಚ್ಚಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಒಂದು ಕ್ಷಣ, ಒಂದೇ ಕ್ಷಣ ಎಂದು ಹೇಳಿಕೊಳ್ಳಲು ಇಷ್ಟವಿದೆ, ಆದರೆ ಕಾಲು ಗಂಟೆಯೇ ಆಗಿರಬೇಕು, ಸುಮ್ಮನಿದ್ದುಬಿಡೋಣ ಅನ್ನಿಸಿತು. ಯಾರಿಗೂ ತಿಳಿಯುವುದಿಲ್ಲ. ಮಖ್ಲೂಫ್ ಡಾಕ್ಟರ ಮುಂದೆ ಬಾಯಿ ಬಿಡುವವನಲ್ಲ. ಜುಲೈನಲ್ಲಿ ಒಬ್ಬಳು ರೋಗಿ ಯಂತ್ರದಿಂದ ಇಳಿಯುವಾಗ ಕುಸಿದು, ಎರಡು ದಿನ ಸಲೈನ್ ಹಾಕಿಸಿಕೊಂಡು ಮಲಗಿದ್ದಳು. ಸೆಖೆ ಎಂದು ಬರೆದಿದ್ದರು. ನಾನು ಬಾಯಿ ಬಿಟ್ಟರೆ ಅದೂ ನನ್ನ ತಲೆಗೇ ಬರುತ್ತದೆ. ಇಪ್ಪತ್ತಮೂರು ವರ್ಷದ ಕೆಲಸ. ಅಂಗಳದಲ್ಲಿ ಆ ಖಾಲಿ ಪಟ್ಟಿ ಮಡಚುತ್ತಿದ್ದ ಕೈ ಬೇರೆ ಕಣ್ಣಿಂದ ಹೋಗುತ್ತಿರಲಿಲ್ಲ.

ವಗ್ದಿಗೆ ಎಲ್ಲವನ್ನೂ ಹೇಳಿದೆ. ಅವನು ಸಿಟ್ಟಿಗೇಳುತ್ತಾನೆ ಎಂದುಕೊಂಡಿದ್ದೆ. ಎದ್ದು ಹೋಗಿ ಕಿಟಕಿಯ ಬಳಿ ನಿಂತು, ಬೆನ್ನು ತೋರಿಸಿಕೊಂಡೇ ಮಾತಾಡಿದ.

"ಮೂರು ವರ್ಷ ಅಕ್ಕಾ. ಮೂರು ವರ್ಷ ನಾನು ಕೂದಲೆಳೆ ಅಳೆಯೋದು ಕಲಿಸಿದೆ ಅದಕ್ಕೆ. ಅದು ಸರಿಯಾಗೇ ಅಳೀತು. ಅಳೆದಿದ್ದು ಬಾಯಾರಿಕೆನ."

ಇದಕ್ಕೆ ಪುರಾವೆ ಬೇಕು, ಬರೀ ಮಾತು ನಾಳೆ ಸಮಿತಿಯಲ್ಲಿ ನಡೆಯುವುದಿಲ್ಲ ಎಂದ. ಅದಕ್ಕೆ ನನ್ನ ತಲೆ ಇತ್ತು. ರಂಜಾನಿನಲ್ಲಿ ಮುಟ್ಟಾದಾಗ ಬಿಟ್ಟ ಆರು ಉಪವಾಸಗಳನ್ನು ನಾನು ಆ ತಂಪು ದಿನಗಳಲ್ಲಿ ಒಂದೊಂದಾಗಿ ಮುಗಿಸುತ್ತಿದ್ದೆ. ಅವತ್ತು ಎರಡನೆಯದು. ಬೆಳಗಿನ ಜಾವದಿಂದ ಹನಿ ನೀರು ಮುಟ್ಟಿರಲಿಲ್ಲ. ಈಗೊಂದು, ಸಂಜೆ ನೀರು ಕುಡಿದು ಇನ್ನೊಂದು ಚಿತ್ರ ತೆಗೆ ಎಂದೆ. ಗುಂಡಿ ಒತ್ತುವುದನ್ನು ಅವನಿಗೆ ಮೊದಲೇ ಕಲಿಸಿದ್ದೆ.

ನಾಲ್ಕು ಗಂಟೆಗೆ ಒಳಗೆ ಮಲಗಿದೆ. ಅಷ್ಟು ವರ್ಷ ಬೇರೆಯವರಿಗೆ ಅಲುಗಾಡಬೇಡಿ, ನುಂಗಬೇಡಿ ಎಂದು ಗದರಿದವಳು ನಾನು. ಆ ಕೊಳವೆಯೊಳಗೆ ಮೂಗಿನ ಮೇಲೇ ಛಾವಣಿ. ಸುತ್ತ ತಗಡು ಬಡಿದಂತೆ ಸದ್ದು. ಇದರೊಳಗೆ ಮಲಗಿದ ಪ್ರತಿಯೊಬ್ಬರಿಗೂ ನಾನು ಇನ್ನೊಂದಿಷ್ಟು ಮೆತ್ತಗೆ ಮಾತಾಡಬಹುದಿತ್ತು ಅನ್ನಿಸಿತು. ಹನ್ನೆರಡು ನಿಮಿಷ ಆದ ಮೇಲೆ ವಗ್ದಿಯ ದನಿ ಬಂತು.

"ಒಳಗೆ ಮಿದುಳಿದೆ ಅಕ್ಕಾ. ಇನ್ಮೇಲೆ ಯಾರಾದ್ರೂ ಇಲ್ಲ ಅಂದ್ರೆ ನಾನೇ ಸಾಕ್ಷಿ ಹೇಳ್ತೀನಿ."

ಬಯ್ಯದೆ ಕೆಳಗಿಳಿದೆ.

ಮಸೀದಿಯಲ್ಲಿ ಸಂಜೆಯ ಬಾಂಗ್ ಆಯಿತು. ಮೂರು ಖರ್ಜೂರ ತಿಂದು, ಮುಂದಿನ ಒಂದೂವರೆ ಗಂಟೆಯಲ್ಲಿ ಎರಡು ಲೀಟರ್ ನೀರು ಕುಡಿದೆ. ಕುಡಿಯುವುದೂ ಒಂದು ಶಿಕ್ಷೆಯಾಯಿತು. ಏಳರ ಹೊತ್ತಿಗೆ ಮತ್ತೆ ಒಳಗೆ ಮಲಗಿ ಎದ್ದೆ. ಲೆಕ್ಕ ಮುಗಿಯಲು ಮುಕ್ಕಾಲು ಗಂಟೆ ಬೇಕು. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಮೆಲ್ಲಗೆ ತೆವಳುತ್ತಿತ್ತು. ವಗ್ದಿ ಉಗುರು ಕಚ್ಚುತ್ತಿದ್ದ. ಕುಗ್ಗಿರದಿದ್ದರೆ ಏನು ಎಂದು ಅವನು ಕೇಳಿದ. ಕುಗ್ಗಿರದಿದ್ದರೆ ನನ್ನ ತಪ್ಪು ಹಾಗೇ ಇರುತ್ತದೆ, ಮಾತ್ರೆಯೂ ನಿಲ್ಲುತ್ತದೆ, ಎರಡೂ ಆಗುತ್ತದೆ ಎಂದೆ.

ನೂರರಲ್ಲಿ ಒಂದು ಪಾಲಿನ ಮುಕ್ಕಾಲು. ನೀರು ಕುಡಿದ ಮೇಲೆ ನನ್ನ ಮಿದುಳು ಅಷ್ಟು ಹಿಗ್ಗಿತ್ತು. ಅದೂ ಈ ತಂಪಿನಲ್ಲಿ, ಆರೋಗ್ಯವಾಗಿರುವವಳಿಗೆ. ಒಲೆಯ ಮುಂದೆ ನಿಂತು ದುಡಿಯುವವನಿಗೆ, ಮಾತ್ರೆ ನುಂಗಿದವನಿಗೆ, ಜುಲೈನಲ್ಲಿ ಎಷ್ಟಾಗಿರಬೇಡ. ವಗ್ದಿ ಕುರ್ಚಿಯಿಂದ ಎದ್ದು ಗೋಡೆಗೆ ಹಣೆ ಇಟ್ಟು ನಿಂತುಕೊಂಡ.

ಡಾಕ್ಟರ್ ಇನ್ಶಿರಾಹ್ ಸಂಜೆ ಹೊತ್ತು ತಮ್ಮ ಸ್ವಂತ ಕ್ಲಿನಿಕ್ಕಿನಲ್ಲಿರುತ್ತಾರೆ. ಅಲ್ಲಿಗೇ ಹೋದೆವು. ರೋಗಿಗಳ ನಡುವೆ ಹತ್ತು ನಿಮಿಷ ಕೊಟ್ಟರು. ನಾನು ನಿಂತೇ ಹೇಳಿದೆ. ಬಾಟಲಿಯ ವಿಷಯ, ಬೈದ ಮಾತುಗಳು, ಚೀಟಿ, ಕುಸಿದ ಹೆಂಗಸು, ಏನೂ ಬಿಡಲಿಲ್ಲ. ಅವರು ಡ್ರಾಯರಿನಿಂದ ಒಂದು ಕಡತ ತೆಗೆದು ತಿರುವಿ ಹಾಕಿ, ಜುಲೈನಲ್ಲಿ ಇವರ ರಕ್ತದಲ್ಲಿ ಮಾತ್ರೆಯ ಅಂಶ ಏರಿತ್ತು, ಸೆಖೆಯಿಂದ ಎಂದು ನಾನೂ ಬಿಟ್ಟುಬಿಟ್ಟೆ ಎಂದರು. ಆದರೂ ಸಮಿತಿಗೆ ಇಷ್ಟು ಸಾಲದು ಎಂದರು. ಒಬ್ಬ ತಂತ್ರಜ್ಞೆಯ ತಲೆ, ಮೂವರು ರೋಗಿಗಳ ಹೆಸರು. ಎದುರಿಗೆ ಉಪವಾಸ ಮಾಡುವುದಿಲ್ಲ ಎಂದು ಸಹಿ ಹಾಕಿದ ಕಾಗದಗಳಿವೆ.

"ನಾಳೆ ಒಂಬತ್ತಕ್ಕೆ ತೀರ್ಮಾನ ಕೇಳೋಕೆ ಅವರೆಲ್ಲ ಬರ್ತಾರೆ. ಅವರ ಬಾಯಿಂದ್ಲೇ ಬರ್ಬೇಕು ತಹಾನಿ. ನಾನು ಕೇಳ್ತೀನಿ. ಹೇಳ್ಲಿಲ್ಲ ಅಂದ್ರೆ ನನ್ ಹತ್ರ ಬೇರೆ ದಾರಿ ಇಲ್ಲ."

ಮರುದಿನ ಹದಿನೇಳು ಜನ ಬಂದಿದ್ದರು. ಅದೇ ಮೊಗಸಾಲೆ. ಕೆಲವರ ಜೊತೆ ಹೆಂಡತಿ, ಅಣ್ಣ, ತಾಯಿ. ಮಖ್ಲೂಫ್ ಮಗಳನ್ನು ಕರೆದುಕೊಂಡು ಬಂದಿದ್ದ. ಹತ್ತು ಹನ್ನೊಂದು ವಯಸ್ಸಿನ ಆ ಹುಡುಗಿ ಅವನ ತೋಳು ಬಿಟ್ಟಿರಲಿಲ್ಲ. ಡಾಕ್ಟರ್ ಬಂದು ನಿಂತು, ಜುಲೈನಲ್ಲಿ ಯಾರಾದರೂ ಉಪವಾಸ ಮಾಡಿದ್ದೀರಾ, ಮಾಡಿದ್ದರೆ ಹೇಳಿ, ನನಗೆ ಸಿಟ್ಟಿಲ್ಲ ಎಂದರು.

ಇಲ್ಲ ಡಾಕ್ಟ್ರೇ, ಸೈನ್ ಹಾಕಿದ್ವಲ್ಲ ಎಂದು ಒಬ್ಬ ಹೇಳಿದ. ಉಳಿದವರು ತಲೆಯಾಡಿಸಿದರು. ಮಖ್ಲೂಫ್ ನೆಲ ನೋಡುತ್ತಿದ್ದ. ನೀವು ಹೇಳದಿದ್ದರೆ ಮಾತ್ರೆ ನಿಲ್ಲಿಸಬೇಕಾಗುತ್ತದೆ ಎಂದು ಡಾಕ್ಟರ್ ಇನ್ನೊಮ್ಮೆ ಹೇಳಿದರು. ಅದು ಬೆದರಿಕೆಯಂತೆ ಕೇಳಿ ಎಲ್ಲರೂ ಇನ್ನಷ್ಟು ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡರು. ಹೇಳಿದರೆ ಸುಳ್ಳಿಗೆ ಶಿಕ್ಷೆ, ಹೇಳದಿದ್ದರೆ ಮಾತ್ರೆ ಇಲ್ಲ ಎಂದಾದರೆ ಮನುಷ್ಯ ಸುಮ್ಮನಿರುವುದನ್ನೇ ಆರಿಸಿಕೊಳ್ಳುತ್ತಾನೆ. ಗೋಡೆಯ ಗಡಿಯಾರದಲ್ಲಿ ಒಂಬತ್ತು ಮೂವತ್ತೈದು.

ಡಾಕ್ಟರ್ ನನ್ನ ಕಡೆ ನೋಡಲಿಲ್ಲ. ನಾನೇ ಮುಂದೆ ಹೋದೆ. ಮೆಲ್ಲಗೆ ಮಾತಾಡಬೇಕು ಎಂದುಕೊಂಡಿದ್ದೆ, ಆದರೆ ನನಗೆ ಇರುವುದು ಒಂದೇ ದನಿ.

"ಇಲ್ಲಿ ಒಬ್ಬ ನೀರು ಕುಡೀತಿದ್ದ. ನಾನು ಬಾಟ್ಲಿ ಕಿತ್ಕೊಂಡೆ. ಗಂಡಸಲ್ಲ ನೀನು ಅಂದೆ. ನಿಮ್ಮಲ್ಲಿ ಕೆಲವ್ರು ನೋಡಿದ್ರಿ, ಉಳಿದವ್ರು ಕೇಳಿದ್ರಿ. ಕುಡೀಬೇಕು ಅಂತ ಡಾಕ್ಟ್ರು ಬರ್ಕೊಟ್ಟಿದ್ರು, ಅವನು ಮಾಡಿದ್ದು ಸರಿ, ನಾನು ಮಾಡಿದ್ದು ತಪ್ಪು. ನಿಮಗೆ ಶಿಕ್ಷೆ ಇಲ್ಲ. ಶಿಕ್ಷೆ ಇದ್ರೆ ನಂಗೆ. ನಾನು ಕಾಯಿಲೆಯವರನ್ನ ಬಾಯಾರಿಸಿದೋಳು. ಈಗ ಸತ್ಯ ಹೇಳಿ, ಇಲ್ಲ ಅಂದ್ರೆ ನನ್ ಬಾಯಿಂದ ನಿಮ್ ಮಾತ್ರೆನೂ ಹೋಗುತ್ತೆ."

ಹಿಂದೆ ಒಬ್ಬಳು ಮುದುಕಿ, ಹೊಲಿಗೆಯವಳು, ಮಗನ ಮುಖ ನೋಡಿದಳು. ಮಗ ಬೇಡ ಎಂಬಂತೆ ಕಣ್ಣು ಮಾಡಿದ. ಅವಳು ಕೈ ಎತ್ತಿದಳು. ಎಲ್ಲ ಮೂವತ್ತೂ ದಿನ ಮಾಡಿದ್ದೇನೆ, ಏನು ಮಾಡ್ಕೋತೀರೋ ಮಾಡ್ಕೊಳ್ಳಿ ಎಂದಳು. ಅವಳ ಪಕ್ಕದವನು ಎತ್ತಿದ. ಆಮೇಲೆ ಇಬ್ಬರು. ಒಬ್ಬ ಕೈ ಅರ್ಧ ಎತ್ತಿ ಇಳಿಸಿ, ಮತ್ತೆ ಎತ್ತಿದ. ವಗ್ದಿ ಎತ್ತಿದ ಕೈಗಳನ್ನು ಎಣಿಸಿ ಬರೆದುಕೊಳ್ಳುತ್ತಿದ್ದ, ಪೆನ್ನು ಕೈ ಜಾರಿ ಬಿದ್ದದ್ದು ಕೇಳಿಸಿತು. ಜಖಾರಿ ಮತ್ತು ಇರೀನಿ ಕೈ ಎತ್ತದೆ ಮುಜುಗರದಿಂದ ಕೂತಿದ್ದರು. ಕೊನೆಗೆ ಉಳಿದವನು ಮಖ್ಲೂಫ್. ಮಗಳು ತಲೆಯೆತ್ತಿ ಅವನನ್ನು ನೋಡಿದ ಮೇಲೆ ಅವನೂ ಎತ್ತಿದ.

ಹದಿನೇಳರಲ್ಲಿ ಹದಿನೈದು.

ಸಮಿತಿಯ ಬಾಗಿಲು ಹತ್ತಕ್ಕೆ ಮುಚ್ಚಿ ಹನ್ನೊಂದೂಕಾಲಿಗೆ ತೆರೆಯಿತು. ಜುಲೈ ಚಿತ್ರಗಳನ್ನು ಲೆಕ್ಕದಿಂದ ತೆಗೆದುಹಾಕಿ, ಡಿಸೆಂಬರಿನಲ್ಲಿ ಬೆಳಗಿನ ಹೊತ್ತು ಮತ್ತೆ ತೆಗೆಯಬೇಕು. ಅಲ್ಲಿಯವರೆಗೆ ಮಾತ್ರೆ ಮುಂದುವರಿಯಲಿ, ಎಲ್ಲರ ರಕ್ತ ಈ ವಾರವೇ ಪರೀಕ್ಷೆಯಾಗಲಿ. ಚಿತ್ರ ತೆಗೆಸಿಕೊಳ್ಳುವವರು ಕೊನೆಯ ಬಾರಿ ನೀರು ಕುಡಿದದ್ದು ಯಾವಾಗ ಎಂದು ತುಂಬದಿದ್ದರೆ ಸಾಫ್ಟ್‌ವೇರ್ ಮುಂದಕ್ಕೆ ಹೋಗಬಾರದು. ತಂತ್ರಜ್ಞೆ ತಹಾನಿ ವಿಚಾರಣೆ ಮುಗಿಯುವವರೆಗೆ ಯಂತ್ರದ ಕೋಣೆಗೆ ಕಾಲಿಡಬಾರದು. ಡಾಕ್ಟರ್ ಇನ್ಶಿರಾಹ್ ಈ ಕೊನೆಯದನ್ನು ಓದುವಾಗಲೂ ಅದೇ ಮೆಲುದನಿ. ಆ ಸಲ ನನಗೆ ಮೈ ಉರಿಯಲಿಲ್ಲ.

ಔಷಧದ ಕಿಟಕಿಯಲ್ಲಿ ಹೊಸ ಪಟ್ಟಿಗಳನ್ನು ಕೊಡುತ್ತಿದ್ದರು. ಮಖ್ಲೂಫ್ ತನ್ನದನ್ನು ಜೇಬಿಗಿಟ್ಟುಕೊಂಡು, ಮಗಳನ್ನು ಗೇಟಿನ ಬಳಿ ನಿಲ್ಲಿಸಿ, ನನ್ನ ಹತ್ತಿರ ಬಂದ. ಧನ್ಯವಾದ ಹೇಳುತ್ತಾನೆ ಎಂದುಕೊಂಡೆ. ಅದನ್ನು ಹೇಗೆ ತಡೆಯುವುದು ಎಂದು ಯೋಚಿಸುತ್ತಿದ್ದೆ.

"ಏನ್ ತಿನ್ಬೇಕು, ಎಷ್ಟೊತ್ತಿಗೆ ಮಲಗ್ಬೇಕು, ಒಂಬತ್ತು ವರ್ಷದಿಂದ ಎಲ್ಲಾ ಬೇರೆಯವ್ರು ಹೇಳಿದ್ದು ಅಕ್ಕಾ. ಆ ಒಂದು ತಿಂಗಳು ಮಾತ್ರ ನಾನು ಉಳಿದೋರ ಹಾಗೆ ಇದ್ದೆ. ನೀವು ಬೈದಿದ್ದಕ್ಕೆ ಶುರು ಮಾಡಿದೆ, ನಿಜ. ಆಮೇಲೆ ನನಗೇ ಬೇಕು ಅನ್ನಿಸ್ತು. ಇವತ್ತು ಅದನ್ನೂ ಮಗಳ ಮುಂದೆ ತಪ್ಪು ಅಂತ ಹೇಳಿಸಿದ್ರಿ."

ಅದು ತಪ್ಪೇ, ನಿನ್ನ ಮೂತ್ರಪಿಂಡ ಹೋಗುತ್ತಿತ್ತು, ಇನ್ನು ಯಾವ ರಂಜಾನಿನಲ್ಲೂ ಮಾಡಕೂಡದು ಎಂದೆ.

"ಗೊತ್ತು," ಎಂದ. "ಮಾಡಲ್ಲ."

ಅವನಿಗೆ ಮಧ್ಯಾಹ್ನದ ಪಾಳಿಗೆ ಹೊತ್ತಾಗಿತ್ತು. ಮಗಳ ಕೈ ಹಿಡಿದು ರಸ್ತೆ ದಾಟಿದ. ನಾನು ಮೇಲಿನ ಮಹಡಿಗೆ ಹೋಗಿ ಹೇಳಿಕೆ ಬರೆಯಲು ಕೂತೆ. ವಿಚಾರಣೆಯ ಗುಮಾಸ್ತ ಒಳ್ಳೆಯವನು. ಬೈದ ಮಾತುಗಳನ್ನೆಲ್ಲ ಬರೆಯಬೇಕಿಲ್ಲ, ರೋಗಿಗೆ ತಿಳಿಹೇಳಿದೆ ಎಂದಷ್ಟು ಹಾಕಿದರೆ ಸಾಕು, ನೌಕರಿ ಉಳಿಯುತ್ತದೆ ಎಂದು ಹೇಳಿಕೊಟ್ಟ. ನಾನು ಆಡಿದ ಮಾತುಗಳನ್ನು ಒಂದೂ ಬಿಡದೆ, ಆಡಿದ ಹಾಗೆಯೇ ಬರೆದು ಸಹಿ ಹಾಕಿದೆ.